ರಾಜಾನುಕುಂಟೆಯ ಮಿತಾಕ್ಷರ: ಗೈಡು ಎಂಬ ಶಾಸ್ತ್ರದ ಕುರಿತು ಕಿರು ವ್ಯಾಖ್ಯಾನ

ಪರೀಕ್ಷೆ ಹತ್ತಿರ ಬಂದರೆ ಕಾನೂನು ವಿದ್ಯಾರ್ಥಿ ಬೇರ್ ಆಕ್ಟ್, ಅಂದರೆ ಕಾಯ್ದೆಯ ಬರಿಯ ಮೂಲಪಾಠ, ಮುಚ್ಚಿಟ್ಟು ಗೈಡು ತೆರೆಯುತ್ತಾನೆ. ಮೇಷ್ಟರು ಇದನ್ನು ಮೈಗಳ್ಳತನ ಎನ್ನುತ್ತಾರೆ. ಇದು ಪೂರ್ವಪಕ್ಷ. ಗೈಡು ಓದುವುದು ಕನ್ನಡ ನೆಲದ ಒಂಬೈನೂರು ವರ್ಷಗಳ ವಿದ್ವತ್ ಪರಂಪರೆ ಎಂಬುದು ನಮ್ಮ ಸಿದ್ಧಾಂತ. ಕ್ಷೇತ್ರಕಾರ್ಯ ನಡೆದದ್ದು ರಾಜಾನುಕುಂಟೆಯಲ್ಲಿ, ದೊಡ್ಡಬಳ್ಳಾಪುರ ರಸ್ತೆಯ ಒಂದು ಜೆರಾಕ್ಸ್ ಅಂಗಡಿ ಮತ್ತು ಅದರ ಪಕ್ಕದ ಟೀ ಅಂಗಡಿಯ ನಡುವೆ. ಅಧ್ಯಯನದ ಅವಧಿ ಮೂರು ಟೀ.

ಮೊದಲು ಆದಿಪುರುಷನ ವಿಚಾರ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮರತೂರಿನ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿ ಎಂಬ ಬೇರ್ ಆಕ್ಟಿಗೆ ಒಂದು ಗೈಡು ಬರೆದ. ಹೆಸರು ಮಿತಾಕ್ಷರ. ಅಂದರೆ ಅಳೆದಷ್ಟೇ ಅಕ್ಷರ. ಮೂಲಕ್ಕಿಂತ ಹಲವು ಪಟ್ಟು ದಪ್ಪವಿರುವ ಪುಸ್ತಕಕ್ಕೆ ಇಂಥ ಹೆಸರಿಡುವ ಧೈರ್ಯ ಗೈಡು ಬರೆಯುವವರಿಗೆ ಆಗಿನಿಂದಲೂ ಇದೆ. ಮುಂದೆ ಬಂಗಾಳದ ಕಡೆ ದಾಯಭಾಗ ಎಂಬ ಬೇರೊಂದು ಗ್ರಂಥ ನಡೆದರೆ, ಉಳಿದ ಬಹುಪಾಲು ದೇಶದಲ್ಲಿ ಹಿಂದೂ ಅಣ್ಣತಮ್ಮಂದಿರು ಬದುಗಳನ್ನು ಹಂಚಿಕೊಂಡದ್ದು ಈ ಮರತೂರಿನ ಗೈಡಿನ ಪ್ರಕಾರ. ಬೇರ್ ಆಕ್ಟನ್ನು ಕೇಳಿದವರು ಕಡಿಮೆ.

ಇನ್ನು ವರ್ತಮಾನ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. 1860ರ ದಂಡ ಸಂಹಿತೆಯ 511 ಸೆಕ್ಷನ್‌ಗಳು 358ಕ್ಕೆ ಇಳಿದವು. ಓದುವುದು ಕಡಿಮೆಯಾಯಿತೆಂದು ಹಿಗ್ಗಿದವರು ಎರಡೇ ದಿನದಲ್ಲಿ ಕುಗ್ಗಿದರು. ಆ ಜುಲೈ 1ಕ್ಕೂ ಹಿಂದಿನ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯ, ಆದ್ದರಿಂದ ಎರಡನ್ನೂ ಓದಬೇಕು. ಕೊಲೆಗೆ 302 ಎಂದು ಸಿನಿಮಾ ನೋಡಿ ಕಲಿತವರ ಗತಿಯಂತೂ ಹೇಳತೀರದು. ಹೊಸ ಲೆಕ್ಕದಲ್ಲಿ 302 ಎಂದರೆ ಧಾರ್ಮಿಕ ಭಾವನೆ ನೋಯಿಸುವ ಮಾತು. 358ಕ್ಕೇ ಪುಸ್ತಕ ಮುಗಿಯುವುದರಿಂದ ಫೋರ್ ಟ್ವೆಂಟಿಗೆ ಜಾಗವೇ ಇಲ್ಲ. ಊರಿನ ಫೋರ್ ಟ್ವೆಂಟಿಗಳು ಮಾತ್ರ ಕ್ಷೇಮ.

ಜೆರಾಕ್ಸ್ ಅಂಗಡಿಯಲ್ಲಿ ಪ್ರಬಂಧಕಾರರ ಕೈಗೆ ಒಂದು ಸೆಕೆಂಡ್ ಹ್ಯಾಂಡ್ ಗೈಡು ಸಿಕ್ಕಿತು. ಬೆನ್ನು ಕಿತ್ತುಹೋಗಿ ಬ್ರೌನ್ ಟೇಪ್ ಸುತ್ತಿಸಿಕೊಂಡಿತ್ತು. ಅಂಚಿನಲ್ಲಿ ಪೆನ್ಸಿಲ್ ಬರಹ: 302ರ ಪಕ್ಕ 103, 307ರ ಪಕ್ಕ 109, 420ರ ಪಕ್ಕ 318. 377ರ ಪಕ್ಕ ಬರೀ ಒಂದು ಗೀಟು, ಏಕೆಂದರೆ ಅದಕ್ಕೆ ಹೊಸತರಲ್ಲಿ ಜೋಡಿಯೇ ಇಲ್ಲ. ಶಾಸ್ತ್ರಕ್ಕೆ ಭಾಷ್ಯ, ಭಾಷ್ಯಕ್ಕೆ ಟೀಕೆ, ಟೀಕೆಗೆ ಟಿಪ್ಪಣಿ ಎಂದು ಪಂಡಿತರು ಹೇಳುವುದು ಇದನ್ನೇ ಇರಬೇಕು. ಒಳರಟ್ಟಿಗೆ ಒಂದು ಪೇಪರ್ ಕಟಿಂಗ್ ಅಂಟಿಸಿತ್ತು: ಸಿವಿಲ್ ಜಡ್ಜ್ ಆಗಲು ಮೂರು ವರ್ಷ ವಕೀಲಿಕೆ ಮಾಡಿರಲೇಬೇಕು ಎಂಬ 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನ ಸುದ್ದಿ. ಅದರ ಕೆಳಗೆ, ಅದೇ ಪೆನ್ಸಿಲಿನಲ್ಲಿ, ಒಂದೇ ಪದ: ‘ಅಯ್ಯೋ’. ಇಷ್ಟು ಮಿತವಾದ ಅಕ್ಷರ ಮರತೂರಿನವನಿಗೂ ಸಿದ್ಧಿಸಿರಲಿಲ್ಲ.

ಗೈಡಿನ ಸಂಕ್ಷೇಪಶಕ್ತಿಗೆ ಇನ್ನೊಂದು ಉದಾಹರಣೆ ಸಾಕು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಮಠದ ಜಮೀನಿಗಾಗಿ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ಕೇಳಿದರು. 1973ರ ಏಪ್ರಿಲ್ 24ರಂದು 7-6ರಲ್ಲಿ ಸಂವಿಧಾನದ ಮೂಲರಚನೆ ಉಳಿಯಿತು. ತೀರ್ಪು ನೂರಾರು ಪುಟ, ಗೈಡಿನಲ್ಲಿ ನಾಲ್ಕು ಸಾಲು. ಆ ನಾಲ್ಕು ಸಾಲನ್ನು ಪರೀಕ್ಷೆಯಲ್ಲಿ ಆರು ಪುಟಕ್ಕೆ ಹಿಗ್ಗಿಸುವುದು ವಿದ್ಯಾರ್ಥಿಯ ಸ್ವಂತ ಸಂಶೋಧನೆ.

ಮೂರನೆಯ ಟೀ ಹೊತ್ತಿಗೆ ಬೆಂಚಿನ ಮೇಲೊಬ್ಬ ಹುಡುಗಿ ಹಿಂದೂ ಲಾ ಗಟ್ಟು ಹೊಡೆಯುತ್ತಿದ್ದಳು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು, 2005ರ ತಿದ್ದುಪಡಿ. ತಿದ್ದುಪಡಿ ಜಾರಿಯಾದ ದಿನ ಅಪ್ಪ ಬದುಕಿರಬೇಕೆಂದೇನಿಲ್ಲ, 2020ರ ವಿನೀತಾ ಶರ್ಮಾ ತೀರ್ಪು. ‘ಆದರೆ ಮೊದಲೇ ಆದ ವಿಭಾಗ...’ ಎಂದು ತಡವರಿಸಿದಳು. ತಾರೀಕು ಇದ್ದ ಜಾಗದಲ್ಲೇ ಜೆರಾಕ್ಸಿನ ಕಪ್ಪು ಪಟ್ಟೆ ಬಿದ್ದಿತ್ತು.

‘ಡಿಸೆಂಬರ್ ಇಪ್ಪತ್ತು, ಎರಡು ಸಾವಿರದ ನಾಕು,’ ಎಂದರು ಪಕ್ಕದಲ್ಲಿ ಕೂತಿದ್ದ ತಾತ, ಟೀ ಲೋಟದಿಂದ ತಲೆ ಎತ್ತದೆ. ‘ಅದಕ್ಕೆ ಮೊದ್ಲೇ ಆಗಿರ್ಬೇಕು. ರಿಜಿಸ್ಟರ್ ಆಗಿರ್ಬೇಕು, ಇಲ್ಲಾ ಕೋರ್ಟ್ ಡಿಕ್ರಿ ಇರ್ಬೇಕು. ಬರ್ಕೊ.’

ಅವಳು ಬರೆದುಕೊಂಡಳು. ‘ನಿಮಗೆ ಹೇಗೆ ಗೊತ್ತು ತಾತ?’

‘ತಂಗಿ ಕೇಸ್ ಹಾಕವ್ಳೆ. ನಮ್ದು ಬಾಯ್ಮಾತಲ್ಲೇ ಭಾಗ ಆಗಿದ್ದು.’ ಲೋಟ ಕೆಳಗಿಟ್ಟು ಕೇಳಿದರು: ‘ಇದು ಎಷ್ಟು ಮಾರ್ಕ್ಸಿಗೆ ಬತ್ತದೆ?’

‘ಹತ್ತು.’

‘ನಮ್ಗೆ ಎರಡೆಕರೆ,’ ಎಂದರು.