ಮೊದಲು ದೇವರು, ಆಮೇಲೆ ಸ್ನಾನ

ಎಲೆ ಉದುರುವುದನ್ನು ನಮ್ಮಲ್ಲಿ ಯಾರೂ ಸಂಭ್ರಮವೆಂದು ಎಣಿಸುವುದಿಲ್ಲ. ಶಿವರಾತ್ರಿಯ ಆಸುಪಾಸಿನಲ್ಲಿ ಬೀದಿಯ ಹೊಂಗೆಮರ ಬರಿದಾಗತೊಡಗಿದರೆ ಅದು ಕಸದ ವಿಚಾರ. ಯಾರ ಮನೆ ಮರದ ಎಲೆಯನ್ನು ಯಾರು ಗುಡಿಸಬೇಕು ಎಂಬ ವ್ಯಾಜ್ಯದ ವಿಚಾರ. ಜಪಾನಿನಲ್ಲಿ ಇದು ಸರ್ಕಾರಿ ವಿಚಾರ. ಅಲ್ಲಿನ ಹವಾಮಾನ ಇಲಾಖೆಯವರು ಗಮನಿಸಲೆಂದೇ ಮೇಪಲ್ ಮರಗಳನ್ನೂ ಗಿಂಕ್ಗೊ ಮರಗಳನ್ನೂ ಗೊತ್ತುಮಾಡಿಟ್ಟಿದ್ದಾರೆ. ಆ ಮರದ ಬಹುಪಾಲು ಎಲೆ ಬಣ್ಣಕ್ಕೆ ತಿರುಗಿದ ದಿನ ದಾಖಲಾಗುತ್ತದೆ. ಪಕ್ಕದ ಮರ ಎಷ್ಟೇ ಕೆಂಪಾಗಿ ಕುಣಿದರೂ ಲೆಕ್ಕಕ್ಕಿಲ್ಲ, ಸರ್ಕಾರಿ ಮರವೇ ಕೆಂಪಾಗಬೇಕು. ವಸಂತದಲ್ಲಿ ಚೆರ್ರಿ ಹೂವು ದಕ್ಷಿಣದಿಂದ ಉತ್ತರಕ್ಕೆ ಅರಳುತ್ತ ಹೋಗುತ್ತದೆ. ಶರತ್ಕಾಲದ ಕೆಂಪು ಉತ್ತರದ ಹೊಕ್ಕೈಡೊದಿಂದ ಕೆಳಗಿಳಿಯುತ್ತ ಬರುತ್ತದೆ. ಅದು ಕ್ಯೋಟೊ ಮುಟ್ಟುವ ಹೊತ್ತಿಗೆ ನವೆಂಬರ್ ಅರ್ಧ ಕಳೆದಿರುತ್ತದೆ.

ಆ ಹೊತ್ತಿಗೆ ಸರಿಯಾಗಿ ನಾವೂ ಮುಟ್ಟಿದ್ದೆವು. ಅಲ್ಲಿ ಕೆಲಸದಲ್ಲಿರುವ ಮಗ ಕಾರ್ಯಕ್ರಮ ಸಿದ್ಧಮಾಡಿದ್ದ. "ಅಮ್ಮ, ಕುರಮ ಅಂತ ಒಂದು ಬೆಟ್ಟ ಇದೆ. ದೇವಸ್ಥಾನ, ಕೆಂಪೆಲೆ, ಬಿಸಿನೀರಿನ ಸ್ನಾನ, ಮೂರೂ ಒಂದೇ ದಿನದಲ್ಲಿ ಆಗತ್ತೆ."

"ಹಾಗಾದ್ರೆ ಬೆಳಿಗ್ಗೆ ಅಲ್ಲೇ ಸ್ನಾನ ಮುಗಿಸಿ ಬೆಟ್ಟ ಹತ್ತೋಣ."

"ಇಲ್ಲಮ್ಮ, ಇಲ್ಲಿ ಮೊದಲು ದೇವರು. ಸ್ನಾನ ಸಾಯಂಕಾಲ."

ಮಗನಿಗೆ ಇಂಥ ವಿದ್ಯೆ ಕಲಿಸಿದವನು ನಾನೇ ಎಂಬಂತೆ ನನ್ನಾಕೆ ನನ್ನ ಕಡೆ ನೋಡಿದಳು. ಮರುದಿನ ಐದು ಗಂಟೆಗೇ ಎದ್ದು, ಆ ಚಳಿಯಲ್ಲಿ ತಲೆಗೆ ನೀರು ಹಾಕಿಕೊಂಡು, ಪುಳಿಯೋಗರೆ ಕಲಸಿ ಡಬ್ಬಿಗೆ ತುಂಬಿ ನಿಂತಳು. ಪುಳಿಯೋಗರೆಗೆ ಕಾರಣವಿತ್ತು. ಜಪಾನಿನ ಸಾರಿನಲ್ಲಿ ಮೀನು ಕಣ್ಣಿಗೆ ಕಾಣುವುದಿಲ್ಲ, ಆದರೆ ಒಣಮೀನು ಹಾಕಿ ಕುದಿಸಿದ ನೀರೇ ಅದಕ್ಕೆ ಆಧಾರ. ಬರೀ ತರಕಾರಿ ತೇಲುತ್ತಿದೆಯೆಂದು ಧೈರ್ಯಮಾಡಿ ಬಟ್ಟಲು ಎತ್ತುವ ಹಾಗಿಲ್ಲ.

ಕ್ಯೋಟೊದ ದೆಮಾಚಿಯಾನಗಿ ನಿಲ್ದಾಣದಿಂದ ಕುರಮಕ್ಕೆ ಎಯ್ಜಾನ್ ಕಂಪನಿಯ ಪುಟ್ಟ ರೈಲಿನಲ್ಲಿ ಅರ್ಧ ಗಂಟೆಯ ಹಾದಿ. ಕೆಲವು ಬೋಗಿಗಳಲ್ಲಿ ಸೀಟುಗಳನ್ನು ಕಿಟಕಿಯ ಕಡೆಗೇ ತಿರುಗಿಸಿದ್ದಾರೆ. ಇಚಿಹಾರ ಮತ್ತು ನಿನೋಸೆ ನಿಲ್ದಾಣಗಳ ನಡುವೆ ಸುಮಾರು 250 ಮೀಟರ್ ಉದ್ದಕ್ಕೆ ಎರಡೂ ಕಡೆ ಮೇಪಲ್ ಮರಗಳು. ಅಲ್ಲಿ ರೈಲು ನಿಧಾನವಾಗುತ್ತದೆ. ಎಲೆಗಾಲದ ರಾತ್ರಿಗಳಲ್ಲಿ ಹೊರಗೆ ಮರಗಳಿಗೆ ದೀಪ ಹಾಕಿ, ಬೋಗಿಯೊಳಗಿನ ದೀಪ ಆರಿಸುತ್ತಾರೆ. ಒಂದು ರೈಲ್ವೆ ಕಂಪನಿ ತಡವಾಗಿ ಹೋಗುವುದನ್ನೇ ಸೇವೆಯೆಂದು ಜಾಹೀರು ಮಾಡಿ, ಜನ ಅದಕ್ಕೆ ಮೆಚ್ಚಿ ಹಣ ಕೊಡುವುದನ್ನು ನಾನು ಕಂಡದ್ದು ಅಲ್ಲಿಯೇ.

ಎಲೆಗಳೋ, ಎಳೆಮಗುವಿನ ಅಂಗೈಯಷ್ಟೇ ದೊಡ್ಡವು. ಒಂದೇ ಕೊಂಬೆಯಲ್ಲಿ ಹಸಿರು, ಹಳದಿ, ಕಿತ್ತಳೆ, ಕುಂಕುಮ. ಚಳಿ ಬಿದ್ದಾಗ ಮರ ಎಲೆಯ ಪತ್ರಹರಿತ್ತನ್ನು ಒಡೆದು ಸಾರವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಸಿರು ಹೋದಾಗ ಮೊದಲಿಂದಲೂ ಇದ್ದ ಹಳದಿ ಕಾಣುತ್ತದೆ. ಕೆಂಪು ಮಾತ್ರ ಹೊಸದಾಗಿ ತಯಾರಾದದ್ದು, ಅದರ ಹೆಸರು ಆಂಥೋಸಯನಿನ್. ನಮ್ಮ ಮಾವಿನ ತಳಿರನ್ನೂ ಘಟ್ಟದ ನಾಗಸಂಪಿಗೆಯ ಎಳೆಚಿಗುರನ್ನೂ ಕೆಂಪಾಗಿಸುವುದು ಇದೇ ಜಾತಿಯ ಬಣ್ಣ. ಅಂದರೆ ನಮ್ಮ ಎಲೆ ಹುಟ್ಟುತ್ತಲೇ ಸಿಂಗರಿಸಿಕೊಂಡು, ಆಮೇಲೆ ಜೀವಮಾನವಿಡೀ ಹಸಿರು ಉಟ್ಟು ದುಡಿದು, ಕೊನೆಗೆ ಕಂದಿ ಬೀಳುತ್ತದೆ. ಅಲ್ಲಿನ ಎಲೆ ದುಡಿತ ಮುಗಿಸಿ, ನಿವೃತ್ತಿಯ ದಿನ ಜರಿಸೀರೆ ಉಡುತ್ತದೆ. ಪಿಂಚಣಿದಾರನಾದ ನನಗೆ ಎರಡನೆಯ ಕ್ರಮವೇ ಹೆಚ್ಚು ಹಿಡಿಸಿತು.

ಮಗ ಚೀಲದಿಂದ ಒಂದು ಪೊಟ್ಟಣ ತೆಗೆದ. ಒಸಾಕಾ ಬಳಿಯ ಮಿನೊ ಎಂಬಲ್ಲಿ ಮೇಪಲ್ ಎಲೆಯನ್ನು ವರ್ಷದಷ್ಟು ಕಾಲ ಉಪ್ಪಿನಲ್ಲಿಟ್ಟು, ಸಿಹಿ ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರಂತೆ. "ದೊಡ್ಡಪತ್ರೆ ಬಜ್ಜಿ ಅಂದ್ರೆ ಮೂಗು ಮುರೀತಿದ್ದೋನು, ಇಲ್ಲಿ ದುಡ್ಡು ಕೊಟ್ಟು ತರಗೆಲೆ ತಿಂತಿದ್ದೀಯಲ್ಲೋ" ಎಂದಳು ತಾಯಿ. ಆದರೂ ಪೊಟ್ಟಣ ಖಾಲಿಯಾದದ್ದು ಅವಳ ಕೈಯಲ್ಲೇ.

ಕುರಮ ನಿಲ್ದಾಣದ ಹೊರಗೆ ಮಾರುದ್ದ ಮೂಗಿನ ಕೆಂಪು ಮುಖದ ದೊಡ್ಡ ಗಿರಿಭೂತವೊಂದು ಸ್ವಾಗತಕ್ಕೆ ಕೂತಿದೆ. ಹನ್ನೆರಡನೆಯ ಶತಮಾನದ ವೀರ ಮಿನಾಮೊತೊ ಯೋಶಿತ್ಸುನೆ ಹುಡುಗನಾಗಿದ್ದಾಗ ಈ ಬೆಟ್ಟದಲ್ಲಿ ಬೆಳೆದ. ರಾತ್ರಿ ಹೊತ್ತು ಇಂಥ ಭೂತಗಳಿಂದಲೇ ಕತ್ತಿವರಸೆ ಕಲಿತನೆಂದು ಕಥೆ. ಮೇಲಿನ ಗುಡಿ 770ರಲ್ಲಿ, ಚೀನಾದಿಂದ ಬಂದ ಗಂಜಿನ್ ಎಂಬ ಭಿಕ್ಷುವಿನ ಶಿಷ್ಯ ಗಂತೆಯ್ ಕಟ್ಟಿದ್ದೆಂದು ಪ್ರತೀತಿ. ಅರ್ಧ ಬೆಟ್ಟಕ್ಕೆ ಕೇಬಲ್ ಕಾರ್ ಉಂಟು. ಗುಡಿಯವರೇ ನಡೆಸುವ ಇದು ಜಪಾನಿನ ಅತಿ ಚಿಕ್ಕ ರೈಲುಮಾರ್ಗ, ಸುಮಾರು 200 ಮೀಟರ್. ಕೊಡುವ ಹಣಕ್ಕೆ ಟಿಕೆಟ್ ದರವೆಂಬ ಹೆಸರಿಲ್ಲ, ಅದು ಕಾಣಿಕೆ. ಕೂತ ಜಾಗ ಬೆಚ್ಚಗಾಗುವ ಮೊದಲೇ ಇಳಿಯಬೇಕಾದ್ದರಿಂದ, ಕಾಣಿಕೆಯೆಂದುಕೊಂಡರೆ ಮನಸ್ಸಿಗೂ ಸಮಾಧಾನ.

ಮೇಲೆ ಹೋದರೆ ಗುಡಿಯ ಮುಂದೆ ಸಿಂಹಗಳ ಬದಲು ಹುಲಿಗಳು. ಒಳಗಿನ ಮುಖ್ಯ ದೇವರಲ್ಲಿ ಒಬ್ಬ ಬಿಶಾಮೊನ್‌ತೆನ್. ಮಗ ಫೋನಿನಲ್ಲಿ ಓದಿ ಹೇಳಿದ: ಈತ ಬೇರೆ ಯಾರೂ ಅಲ್ಲ, ವೈಶ್ರವಣ. ಅಂದರೆ ನಮ್ಮ ಕುಬೇರ! ಹೊಯ್ಸಳ ಗುಡಿಗಳ ಚಾವಣಿಯ ಅಷ್ಟದಿಕ್ಪಾಲಕರ ನಡುವೆ ಬೊಜ್ಜು ಬೆಳೆಸಿ ಕೂತಿರುವ ಆಸಾಮಿ ಇಲ್ಲಿ ಕವಚ ತೊಟ್ಟು, ಈಟಿ ಹಿಡಿದು, ಸಣ್ಣಗಾಗಿ ನಿಂತಿದ್ದಾನೆ. ಕೆಲಸ ಮಾತ್ರ ಬದಲಾಗಿಲ್ಲ. ಅಲ್ಲೂ ಉತ್ತರ ದಿಕ್ಕು, ಇಲ್ಲೂ ಕ್ಯೋಟೊ ನಗರದ ಉತ್ತರ ಕಾವಲು. ಇನ್ನೊಬ್ಬ ಸಾವಿರ ಕೈಯ ಅವಲೋಕಿತೇಶ್ವರ. ಮೂರನೆಯವನು ಮಾವೊಸೊನ್. ಅರವತ್ತೈದು ಲಕ್ಷ ವರ್ಷಗಳ ಹಿಂದೆ ಶುಕ್ರಗ್ರಹದಿಂದ ಇಳಿದುಬಂದ, ಎಂದೆಂದಿಗೂ ಹದಿನಾರರ ಹರೆಯದವನಂತೆ. ಈ ಗುಡಿ 1949ರಲ್ಲಿ ತೆಂಡಾಯ್ ಎಂಬ ಬೌದ್ಧ ಪಂಥದಿಂದ ಬೇರೆಯಾಗಿ ತನ್ನದೇ ಮತ ಕಟ್ಟಿಕೊಂಡಿತು. ಥಿಯಾಸಫಿಯ ಗಾಳಿಯೂ ಸೋಕಿ, ಮಾವೊಸೊನ್‌ನನ್ನು ನಮ್ಮ ಸನತ್ಕುಮಾರನೆಂದೂ ಕರೆಯುವುದುಂಟು. ಕುಬೇರ, ಸನತ್ಕುಮಾರ ಎಂದು ಕಿವಿಗೆ ಬಿದ್ದಮೇಲೆ ನನ್ನಾಕೆ ಪರಕೀಯತೆಯನ್ನೆಲ್ಲ ಕೊಡವಿ, ಕೂತು ಲಕ್ಷ್ಮೀ ಅಷ್ಟೋತ್ತರ ಮುಗಿಸಿಯೇ ಎದ್ದಳು. ಕುಬೇರನ ಮುಂದೆ ಲಕ್ಷ್ಮಿ ಯಾಕೆ ಎಂದರೆ, "ಇಬ್ಬರ ಖಾತೆಯೂ ಒಂದೇ ಅಲ್ವೇನ್ರೀ?"

ಮೂಲವಿಗ್ರಹಗಳ ದರ್ಶನ ಮಾತ್ರ ಅರವತ್ತು ವರ್ಷಕ್ಕೊಮ್ಮೆ. ಹಿಂದಿನದು 1986ರಲ್ಲಿ ಆಗಿಹೋಗಿದೆ, ಮುಂದಿನದು 2046ಕ್ಕೆ. "ಅಲ್ಲೀವರೆಗೆ ಇರ್ತೀವೇನ್ರೀ?" ಎಂದಳು. ತಿರುಪತಿಯ ಸಾಲಿನಲ್ಲಿ ನಿಂತು ಅಭ್ಯಾಸವಿದ್ದವರಿಗೆ ಇದೇನು ಮಹಾ ಎಂದು ಧೈರ್ಯ ಹೇಳಿದೆ.

ಬೆಂಗಳೂರಿನ ಬಡಾವಣೆಗಳಲ್ಲಿ ರೇಕಿ ಕಲಿಸುವ ಬೋರ್ಡುಗಳನ್ನು ನೀವು ನೋಡಿರುತ್ತೀರಿ. ಉಸುಯಿ ಮಿಕಾವೊ ಎಂಬಾತನಿಗೆ 1922ರಲ್ಲಿ ಆ ವಿದ್ಯೆ ಹೊಳೆದದ್ದು ಇದೇ ಬೆಟ್ಟದಲ್ಲಿ ಉಪವಾಸ ಕೂತಾಗ ಎನ್ನುತ್ತಾರೆ. ನಮಗಂತೂ ಉಪವಾಸ ಒಗ್ಗದು. ಒಂದು ಬೆಂಚು ಹುಡುಕಿ ಪುಳಿಯೋಗರೆ ಬಿಚ್ಚಿದೆವು. ನಂಚಿಕೊಳ್ಳಲು ಕೆಳಗಿನ ಅಂಗಡಿಯಲ್ಲಿ ಕೊಂಡ ಕುರಮದ ವಿಶೇಷ ಖಾದ್ಯ: ಸಮುದ್ರಪಾಚಿಯನ್ನೂ ಸಾನ್ಶೊ ಎಂಬ ಗಿಡವನ್ನೂ ಸೋಯಾ ರಸದಲ್ಲಿ ಬತ್ತಿಸಿದ್ದು. ನಾಲಿಗೆ ಜುಮ್ಮೆಂದಾಗ ಗೊತ್ತಾಯಿತು, ಸಾನ್ಶೊ ನಮ್ಮ ಮಲೆನಾಡಿನ ಜುಮ್ಮನಕಾಯಿಯ ದಾಯಾದಿ.

ಗುಡಿಯ ಹಿಂದಿನಿಂದ ಬೆಟ್ಟ ದಾಟಿ ಕಿಬುನೆಗೆ ಇಳಿಯುವ ಕಾಲುದಾರಿಯಲ್ಲಿ ಮಣ್ಣಿಗಿಂತ ಬೇರುಗಳೇ ಹೆಚ್ಚು. ಅಡಿಯ ಬಂಡೆ ಗಟ್ಟಿಯಾದ್ದರಿಂದ ಬೇರು ಕೆಳಗೆ ಇಳಿಯಲಾರದೆ ನೆಲದ ಮೇಲೆಯೇ ಹರಡಿಕೊಂಡಿದೆ. 2018ರ ಚಂಡಮಾರುತಕ್ಕೆ ಇಲ್ಲಿನ ಮರಗಳು ಸಾಲುಸಾಲಾಗಿ ಉರುಳಿದ್ದವು. ಯೋಶಿತ್ಸುನೆ ಇಲ್ಲಿ ಜಿಗಿಯುವುದನ್ನು ಕಲಿತ. ನಾವು ಕೋಲೂರಿ ಕೂರುವುದನ್ನು ಕಲಿತೆವು. ಕಿಬುನೆಯ ದೇವರು ನೀರಿನ ಒಡೆಯ. ಹಿಂದೆ ಮಳೆ ಬೇಕಾದರೆ ಕಪ್ಪು ಕುದುರೆ, ಮಳೆ ನಿಲ್ಲಬೇಕಾದರೆ ಬಿಳಿ ಕುದುರೆ ಒಪ್ಪಿಸುತ್ತಿದ್ದರಂತೆ. ಈಗ ಭಕ್ತರು ಖಾಲಿ ಕಾಗದ ಕೊಂಡು ನೀರಿನಲ್ಲಿ ತೇಲಿಬಿಡುತ್ತಾರೆ, ಭವಿಷ್ಯದ ಅಕ್ಷರ ತಾನಾಗಿ ಮೂಡುತ್ತದೆ. ನನ್ನಾಕೆಯ ಕಾಗದಕ್ಕೆ ಶುಭ ಬಂತು, ನನ್ನದಕ್ಕೆ 'ಪ್ರಯಾಣದಲ್ಲಿ ಎಚ್ಚರ'. ಬೇರಿನ ದಾರಿ ದಾಟಿ ಬಂದವನಿಗೆ ಆಮೇಲೆ ಈ ಎಚ್ಚರಿಕೆ!

ಒಂದು ನಿಲ್ದಾಣದಷ್ಟು ರೈಲು ಹಿಡಿದು ಮತ್ತೆ ಕುರಮಕ್ಕೆ ಬಂದು, ಹಳ್ಳಿಯಂಚಿನ ಗಂಧಕದ ನೀರಿನ ಸ್ನಾನಕ್ಕೆ ಹೋದೆವು. ಜಪಾನಿನಲ್ಲಿ 1948ರಿಂದ ಬಿಸಿನೀರಿನ ಬುಗ್ಗೆಗೊಂದು ಕಾನೂನೇ ಇದೆ. ನೆಲದಿಂದ ಬರುವ ನೀರು 25 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು, ಇಲ್ಲವೇ ಪಟ್ಟಿಯ 19 ಪದಾರ್ಥಗಳಲ್ಲಿ ಒಂದಾದರೂ ಸಾಕಷ್ಟಿರಬೇಕು. ಹಾಗಿದ್ದರೆ ಅದು ಒನ್ಸೆನ್. ಈ ಕಾನೂನು ನಮ್ಮಲ್ಲಿದ್ದರೆ ಪುತ್ತೂರಿನ ಬಳಿಯ ಬಿಸಿನೀರಿನ ಬೆಂದ್ರ್ ತೀರ್ಥದ ಜೊತೆಗೆ ರಾಯಚೂರು ಸೀಮೆಯ ಕೊಳವೆಬಾವಿಗಳೂ ಒನ್ಸೆನ್ ಎನಿಸಿಕೊಳ್ಳುತ್ತಿದ್ದವು.

ಒಳಗಿನ ನಿಯಮಗಳು ಇನ್ನೂ ಕಟ್ಟುನಿಟ್ಟು. ಗಂಡಸರು ಹೆಂಗಸರು ಬೇರೆಬೇರೆ, ಆದರೆ ಮೈಮೇಲೆ ನೂಲೆಳೆಯೂ ಇರಕೂಡದು. ಅನೇಕ ಕಡೆ ಹಚ್ಚೆಯಿದ್ದವರಿಗೆ ಪ್ರವೇಶವಿಲ್ಲ, ಏಕೆಂದರೆ ಅಲ್ಲಿ ಹಚ್ಚೆಯೆಂದರೆ ಯಾಕುಜಾ ಗೂಂಡಾಗಳ ನೆನಪು. ಮುಂಗೈ ತುಂಬ ಹಚ್ಚೆಯಿದ್ದ ನಮ್ಮಜ್ಜಿಯನ್ನು ಬಾಗಿಲಲ್ಲೇ ತಡೆಯುತ್ತಿದ್ದರೇನೋ. ಎಲ್ಲಕ್ಕಿಂತ ಮುಖ್ಯ ನಿಯಮ: ಕೊಳಕ್ಕೆ ಇಳಿಯುವ ಮೊದಲು ಸಣ್ಣ ಮಣೆಯ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಳ್ಳಬೇಕು. "ಸ್ನಾನ ಮಾಡಿ ಸ್ನಾನಕ್ಕೆ ಇಳೀಬೇಕಾ?" ಎಂದ ನನ್ನಾಕೆಯ ಮುಖದಲ್ಲಿ ಆ ದೇಶದ ಬಗ್ಗೆ ಮೊದಲ ಬಾರಿ ಗೌರವ ಮೂಡಿತು. ಅಲ್ಲಿಯವರೆಗೆ ಮಡಿಯಲ್ಲಿ ತನಗೆ ಸಮಾನರಿಲ್ಲವೆಂದು ನಂಬಿದ್ದಳು. "ನಾನು ಕಾಲಷ್ಟೇ ಅದ್ದಿ ಬಂದ್ಬಿಡ್ತೀನ್ರೀ" ಎಂದು ಹೆಂಗಸರ ಪರದೆಯೊಳಗೆ ಹೋದವಳು, ನಾನು ಹೊರಗೆ ಬಂದು ತೂಕಡಿಸಿ ಎದ್ದರೂ ಬರಲಿಲ್ಲ. ಬಂದಾಗ, "ಮಂಡಿನೋವು ಎಲ್ಲಿ ಹೋಯ್ತೋ ಗೊತ್ತಿಲ್ಲ" ಎಂದಳು.

ಆದ್ದರಿಂದ ನನ್ನ ತೀರ್ಪು ಇದು. ದೇವರು ಸಮತಟ್ಟಾದ ಜಾಗದಲ್ಲಿದ್ದರೆ ಸ್ನಾನ ಮೊದಲಾಗಲಿ, ಬೆಟ್ಟದ ಮೇಲಿದ್ದರೆ ಆಮೇಲಾಗಲಿ. ಅನುಮಾನವಿದ್ದವರು ನಮ್ಮಾಕೆಯಂತೆ ಎರಡೂ ಹೊತ್ತು ಮಾಡಬಹುದು. ನೀವು ಹೋಗುವುದಾದರೆ ನವೆಂಬರಿನ ಕೊನೆಯಲ್ಲಿ, ಶನಿವಾರ ಭಾನುವಾರ ಬಿಟ್ಟು, ಬೆಳಗಿನ ರೈಲಿಗೇ ಹೋಗಿ. ಪುಳಿಯೋಗರೆ ಮರೆಯಬೇಡಿ. 2046ರ ದರ್ಶನಕ್ಕೆ ಕಾಯುತ್ತ ಕೂರದೆ, ಮಂಡಿ ಗಟ್ಟಿಯಿರುವಾಗಲೇ ಹೋಗಿಬನ್ನಿ.