ಲೆಸ್ಟರಿನ ಬಚ್ಚಲೊಲೆ

ಲೆಸ್ಟರಿನಲ್ಲಿ ಆ ಹಳೇ ಇಟ್ಟಿಗೆ ಮನೆ ಕೊಂಡಾಗ ಮೂರು ಕೋಣೆ, ಒಂದು ಹಿತ್ತಿಲಿನ ಜೊತೆಗೆ ಹಾಲಿನ ಗೋಡೆಯಲ್ಲಿದ್ದ ಕಪ್ಪು ಗೂಡೊಂದು ದಂಪತಿಗೆ ಬಳುವಳಿಯಾಗಿ ಬಂತು. ವಿಕ್ಟೋರಿಯಾ ರಾಣಿಯ ಕಾಲದ ಫೈರ್‌ಪ್ಲೇಸ್. ಎರಕದ ಕಬ್ಬಿಣದ ಚೌಕಟ್ಟು, ಅಕ್ಕಪಕ್ಕ ಹೂಬಳ್ಳಿಯ ಟೈಲ್ಸ್. ಗ್ಯಾಸ್ ಬಾಯ್ಲರ್ ಬಂದ ಮೇಲೆ ಅದರಲ್ಲಿ ಬೆಂಕಿ ಕಂಡವರಿಲ್ಲ. ಮೂರು ವರ್ಷದಿಂದ ಇಸ್ತ್ರಿ ಮೇಜು ಅದರ ಮಾನ ಮುಚ್ಚಿತ್ತು.

ಆಗ ತಿಪಟೂರಿನಿಂದ ಅತ್ತೆ ಬಂದರು.

ಬಂದ ಮಾರನೇ ದಿನವೇ ಗೂಡಿನೊಳಗೆ ಕೈಯಾಡಿಸಿ, ಬೆರಳಿಗಂಟಿದ ಮಸಿ ನೋಡಿ, "ಇಷ್ಟು ಚೆಂದದ ಒಲೆ ಇಟ್ಕೊಂಡು ನಡುಗ್ತಾ ಕೂತಿದೀರಲ್ಲೇ!" ಎಂದು ಮಗಳನ್ನು ಗದರಿದರು. ಅವರ ಕಣ್ಣಿಗೆ ಅದು ಬಚ್ಚಲೊಲೆ. ಹಂಡೆ ಕೂರಿಸುವುದೊಂದೇ ಬಾಕಿ. ತೆಂಗಿನ ಸೀಮೆಯವರಿಗೆ ಸೌದೆಯ ಚಿಂತೆಯೆ? ಅಂದಿನಿಂದ ಚಟ್ನಿಗೆ ಒಡೆದ ಕಾಯಿಗಳ ಕರಟವೆಲ್ಲ ಒಂದು ಚೀಲ ಸೇರತೊಡಗಿತು.

ಅಳಿಯ ಕಾನೂನು ಬಿಚ್ಚಿದ. 1952ರ ಡಿಸೆಂಬರಿನಲ್ಲಿ ಕಲ್ಲಿದ್ದಲ ಹೊಗೆ ಐದು ದಿನ ಲಂಡನ್ನನ್ನು ಕವಿದು ಸಾವಿರಾರು ಜನ ಸತ್ತರು, ಅದರಿಂದಲೇ 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂತು. ಅವರ ಬೀದಿಯೂ ಹೊಗೆ ನಿಯಂತ್ರಣ ವಲಯ. ತೆರೆದ ಒಲೆಯಲ್ಲಿ ಸೌದೆ ಉರಿಸುವಂತಿಲ್ಲ; ಚಿಮಣಿಯಲ್ಲಿ ಹೊಗೆ ಕಂಡರೆ 175ರಿಂದ 300 ಪೌಂಡ್ ದಂಡ. ಅತ್ತೆ ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ ಬೆಚ್ಚಿದರು. "ಒಲೆಗೂ ದುಡ್ಡು ಕೇಳೋ ಸರ್ಕಾರಾನ ಎಲ್ಲೂ ಕಂಡಿಲ್ಲಪ್ಪ!"

ಇಂಗ್ಲೆಂಡ್ ಕಂಡಿತ್ತು. 1662ರಲ್ಲಿ ಅಲ್ಲಿ ಒಲೆಯೊಂದಕ್ಕೆ ವರ್ಷಕ್ಕೆ ಎರಡು ಶಿಲ್ಲಿಂಗ್ ತೆರಿಗೆ ಹಾಕಿದ್ದರು. ತಪ್ಪಿಸಿಕೊಳ್ಳಲು ಒಲೆಯನ್ನೇ ಇಟ್ಟಿಗೆಯಿಂದ ಮುಚ್ಚಿದ ಜಾಣರೂ ಇದ್ದರು. 1689ರಲ್ಲಿ ತೆರಿಗೆ ರದ್ದಾಯಿತು.

ಅಳಿಯನಿಗೆ ಗೋಡೆಯ ಆ ಉಬ್ಬನ್ನೇ ಒಡೆಸಿ ದೊಡ್ಡ ಟಿವಿ ತೂಗುಹಾಕುವ ಆಸೆ. ಬಂದು ನೋಡಿದ ಮೇಸ್ತ್ರಿ ಮಾಳಿಗೆಯತ್ತ ಬೆರಳು ತೋರಿಸಿದ: ಮೇಲಿನ ಕೋಣೆಯ ಚಿಮಣಿ ಭಾಗವೆಲ್ಲ ನಿಂತಿರುವುದು ಇದರ ಮೇಲೆಯೇ. ಒಡೆದರೆ ಉಕ್ಕಿನ ತೊಲೆ ಕೊಡಬೇಕು, ಕೌನ್ಸಿಲ್ಲಿಗೆ ಅರ್ಜಿ ಹಾಕಬೇಕು. ಗೋಡೆ ಪಕ್ಕದ ಮನೆಗೂ ಸೇರಿದ್ದರಿಂದ ಅವರಿಗೂ ನೋಟಿಸ್ ಕೊಡಬೇಕು. ಅವನು ಬರೆದುಕೊಟ್ಟ ಖರ್ಚಿನ ಚೀಟಿ ಡ್ರಾಯರ್ ಸೇರಿತು. ಏಳು ವರ್ಷದ ಮೊಮ್ಮಗನಿಗಂತೂ ಖುಷಿಯೋ ಖುಷಿ. ದಾರಿ ಮುಚ್ಚಿದರೆ ಸಾಂಟಾ ತಾತ ಬರುವುದೆಲ್ಲಿಂದ?

ಕಡೆಗೆ ಚಿಮಣಿ ಗುಡಿಸುವವನನ್ನು ಕರೆಸಿದರು. ಅವನ ಕುಂಚಕ್ಕೆ ಮೊದಲು ಸಿಕ್ಕಿದ್ದು ಮಸಿಯಲ್ಲ, ಒಂದು ಮೂಟೆ ಕಡ್ಡಿ. ಕಾಗೆಯ ದಾಯಾದಿಯಾದ ಜಾಕ್‌ಡಾ ಹಕ್ಕಿ ಕಟ್ಟಿ ಬಿಟ್ಟುಹೋದ ಗೂಡು. ಮರಿಯಿದ್ದ ಕಾಲವಾಗಿದ್ದರೆ 1981ರ ಕಾಯ್ದೆಯ ಪ್ರಕಾರ ಮುಟ್ಟುವಂತೆಯೇ ಇರಲಿಲ್ಲ. ಮೇಲೆ ಟೋಪಿ ಹಾಕಿಸಿ, ಕೆಳಗೆ ಗಾಳಿಗೆ ಕಿಂಡಿ ಬಿಡಿ, ಪೂರ್ತಿ ಮುಚ್ಚಿದರೆ ಗೋಡೆಗೆ ತೇವ ಹಿಡಿಯುತ್ತದೆ ಎಂದ. ಹೋಗುವಾಗ, ಹಿಂದೆ ಹುಡುಗರನ್ನೇ ಚಿಮಣಿಯೊಳಗೆ ಹತ್ತಿಸುತ್ತಿದ್ದರು, ಅದು ಪೂರ್ತಿ ನಿಂತದ್ದು 1875ರ ಕಾಯ್ದೆಯಿಂದ ಎಂಬ ಕಥೆಯನ್ನೂ ಹೇಳಿದ. ಮಗಳು ಅದನ್ನು ಕನ್ನಡ ಮಾಡಿದ್ದೇ ತಪ್ಪಾಯಿತು. ಅಜ್ಜಿಯ ಮಗ್ಗಿ ಪಾಠಕ್ಕೆ ಹೊಸ ಬೆದರಿಕೆ ಸಿಕ್ಕಿತು.

ನವರಾತ್ರಿಗೆ ಒಲೆಯ ಗೂಡಿಗೆ ಬಿಳಿ ಪಂಚೆ ಹಾಸಿ ಪಟ್ಟದ ಬೊಂಬೆಗಳನ್ನು ಕೂರಿಸಿದರು. ರಾಜನ ತಲೆಯ ಮೇಲೆ ಸಾಂಟಾ ಇಳಿದರೇನು ಗತಿ ಎಂದು ಮೊಮ್ಮಗನಿಗೆ ಒಂಬತ್ತು ದಿನವೂ ಕಳವಳ.

ಉಳಿದದ್ದು ಕರಟದ ಚೀಲ. ಕಾಯ್ದೆಯನ್ನು ಮತ್ತೆ ಓದಿದ ಅಳಿಯನಿಗೆ ಒಂದು ಸಂದು ಕಂಡಿತು: ಚಿಮಣಿಯ ಹೊಗೆಗಷ್ಟೇ ದಂಡ, ಹಿತ್ತಿಲಿನ ಬಾರ್ಬೆಕ್ಯೂಗೆ ಅಡ್ಡಿಯಿಲ್ಲ. ನರಕ ಚತುರ್ದಶಿಯ ಬೆಳಗ್ಗೆ, ಕೊರೆಯುವ ಚಳಿಯಲ್ಲಿ, ಬಾರ್ಬೆಕ್ಯೂ ಮೇಲೆ ಸಾರಿನ ದೊಡ್ಡ ಪಾತ್ರೆ ಕೂತಿತು. ಕೆಳಗೆ ಕರಟ ಚಟಪಟ ಎಂದಿತು. ತಲೆಗೆ ಎಣ್ಣೆ ಮೆತ್ತಿಸಿಕೊಂಡು ಮೂವರೂ ಸಾಲಾಗಿ ನಿಂತರು.

ಬೇಲಿಯಾಚೆ ನೆರೆಮನೆಯ ಮುದುಕರು ಇಣುಕಿ, ಇಷ್ಟು ಬೇಗ ಏನು ಅಡುಗೆ ಎಂದು ಕೇಳಿದರು.

"ನೀರು," ಎಂದ ಮೊಮ್ಮಗ.