ಕುಕ್ಕುಟಶೀತೋಪಚಾರ

ಮಲೆನಾಡಿನ ಮಾಗಿಯಲ್ಲಿ ಕೋಳಿಗಳ ಮೇಲೆ ಬುಟ್ಟಿ ಕವುಚಿ, ಬೆಳ್ಳುಳ್ಳಿ ಅರಿಸಿನಗಳನ್ನು ಕಲಸಿದ ತೌಡನ್ನು ತಿನ್ನಿಸಿದಲ್ಲಿಗೆ ನಮ್ಮ ಅಜ್ಜಿಯ ಕುಕ್ಕುಟವೈದ್ಯವು ಪರಿಸಮಾಪ್ತವಾಗುತ್ತಿದ್ದಿತು. ಕೊಕ್ಕರೆ ರೋಗ ಬಂದಿತೆಂದರೆ ಮಾತ್ರ ಹಟ್ಟಿಯೇ ಬರಿದಾಗುತ್ತಿದ್ದಿತು. ಈಗಲಾದರೋ ಆ ರೋಗವನ್ನು ತಡೆಯುವ ಲಸೋಟಾ ಲಸಿಕೆಯ ಹನಿ ಕಣ್ಣಿಗೆ, ಭತ್ತದ ಹೊಟ್ಟಿನ ಹಾಸು ಕಾಲಡಿಗೆ, ಗೋಣಿಯ ಪರದೆ ಪಾರ್ಶ್ವಕ್ಕೆ. ಅದೂ ಪೂರ್ತಿ ಮುಚ್ಚತಕ್ಕದ್ದಲ್ಲ, ಒದ್ದೆ ಹಾಸಿನಿಂದೇಳುವ ಅಮೋನಿಯಾ ಚಳಿಗಿಂತಲೂ ಘಾತುಕವಂತೆ! ದಿನಕ್ಕೆ ಸುಮಾರು 14 ಗಂಟೆ ಬೆಳಕಿಲ್ಲದಿದ್ದರೆ ಮೊಟ್ಟೆಯ ವಿಷಯದಲ್ಲಿ ಔದಾಸೀನ್ಯ ತಾಳುವ ಈ ಮಹನೀಯೆಯರಿಗಾಗಿ ಬ್ರಾಹ್ಮೀ ಮುಹೂರ್ತದಲ್ಲೆದ್ದು ದೀಪ ಬೆಳಗಿಸುವ ಅರ್ಚಕತ್ವವು ನನಗೆ ಪ್ರಾಪ್ತವಾಗಿದೆ. ಸುಮಾರು 41 ಡಿಗ್ರಿ ದೇಹೋಷ್ಣವುಳ್ಳ, ಮೇಲಾಗಿ ಗರಿಯ ನಿಲುವಂಗಿಯನ್ನೂ ತೊಟ್ಟಿರುವ ಜೀವಿಯ ಚಳಿಯನ್ನು ಕುರಿತು, ಕಂಬಳಿಯೊಳಗೂ ಗಡಗಡಿಸುವ ನಾನು ಮರುಗುವುದೆಂದರೇನು! ನಾಟಿ ಹುಂಜವಂತೂ ಸಕಲ ಸೌಕರ್ಯಗಳನ್ನೂ ತಿರಸ್ಕರಿಸಿ ಮಂಜು ಸುರಿಯುವ ಹಲಸಿನ ಕೊಂಬೆಯನ್ನೇರುತ್ತದೆ. ಗೂಡಿನ ಬಲ್ಬಿಗೆ ಕೈಕಾಯಿಸಿಕೊಳ್ಳುವವನು, ನಿಜ ನುಡಿಯುವುದಾದರೆ, ನಾನೊಬ್ಬನೇ.